ಹಬ್ಬದ ತಿಂಡಿ ಉಳಿದಾಗ

ಕ್ರಿಸ್ತಜಯಂತಿಯ ಸಂಭ್ರಮ ಮೆಲ್ಲನೆ ಇಳಿಮುಖವಾಗುತ್ತಿದೆ. ಮನೆಗಳ ಮುಂದೆ ತೂಗುಹಾಕಿದ ನಕ್ಷತ್ರಗಳು ಇನ್ನೂ ಕೆಳಗಿಳಿದಿಲ್ಲ. ಗೋದಲಿಯ ಹುಲ್ಲು ಒಣಗಿದೆಯಾದರೂ ಮೂರು ರಾಯರ ಹಬ್ಬ ಕಳೆಯುವವರೆಗೆ ಅದನ್ನು ತೆಗೆಯುವಂತಿಲ್ಲ. ಬಂದ ನೆಂಟರು ಊರಿಗೆ ಮರಳಿದ್ದಾರೆ, ಮಕ್ಕಳಿಗೆ ಶಾಲೆಯ ನೆನಪಾಗಿದೆ. ಇದೆಲ್ಲದರ ನಡುವೆ ನಮ್ಮ ಅಡುಗೆಮನೆಯ ಕಪಾಟಿನ ಮೇಲೆ ಸಾಲಾಗಿ ಕುಳಿತಿರುವ ಡಬ್ಬಿಗಳತ್ತ ಮನೆಯೊಡತಿಯ ದೃಷ್ಟಿ ದಿನಕ್ಕೆ ನಾಲ್ಕು ಬಾರಿಯಾದರೂ ಹರಿಯುತ್ತದೆ. ಒಂದರಲ್ಲಿ ಅರ್ಧ ಉಳಿದ ಕರ್ಜಿಕಾಯಿ, ಇನ್ನೊಂದರಲ್ಲಿ ತುಂಡಾದ ಚಕ್ಕುಲಿ, ಮತ್ತೊಂದರಲ್ಲಿ ಯಾರೋ ತಂದುಕೊಟ್ಟ ಕೇಕು. ಇವುಗಳನ್ನು ಏನು ಮಾಡುವುದು?

ಪ್ರಶ್ನೆ ತೀರ ಸಣ್ಣದೆಂದು ಕೆಲವರಿಗೆ ತೋರಬಹುದು. ಸಮುದಾಯದ ಮುಂದೆ ಇದಕ್ಕಿಂತ ಗಹನವಾದ ವಿಷಯಗಳಿಲ್ಲವೇ ಎಂದು ಅವರು ಕೇಳಲೂಬಹುದು. ಇವೆ, ನಿಜ. ಆದರೆ ನಮ್ಮ ವಿಶ್ವಾಸವು ದೇವಾಲಯದಿಂದ ಹೊರಟು ಅಡುಗೆಮನೆಯವರೆಗೆ ಬಂದು ತಲುಪಿದೆಯೇ ಎಂಬುದನ್ನು ಅರಿಯಲು ಈ ಡಬ್ಬಿಗಳಿಗಿಂತ ಸರಳವಾದ ಪರೀಕ್ಷೆ ಬೇರೊಂದಿಲ್ಲ.

ಕರಾವಳಿಯ ಕೊಂಕಣಿ ಕಥೋಲಿಕರು ಕ್ರಿಸ್ಮಸ್ ತಿಂಡಿಗಳ ಸಮೂಹವನ್ನು ಕುಸ್ವಾರ್ ಎಂದು ಕರೆಯುತ್ತಾರೆ. ನೆವ್ರಿ, ಕಿಡ್ಯೊ, ತುಕ್ಡಿ, ಗುಲಾಬಿ ಹೂವಿನ ಆಕಾರದ ಅಚ್ಚಿನ ತಿಂಡಿ, ಚಕ್ಕುಲಿ, ಉಂಡೆ ಇವೆಲ್ಲ ಅದರಲ್ಲಿ ಸೇರುತ್ತವೆ. ನಮ್ಮ ಕಡೆಯ ಮನೆಗಳಿಗೆ ಈ ಹೆಸರುಗಳು ಹೊಸವಿರಬಹುದು, ತಿಂಡಿಗಳು ಹೊಸವಲ್ಲ. ಅವರ ನೆವ್ರಿ ನಮ್ಮ ಕರ್ಜಿಕಾಯಿಯ ಒಡಹುಟ್ಟು, ಅವರ ತುಕ್ಡಿ ನಮ್ಮ ಶಂಕರಪೋಳಿಯ ನೆಂಟ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಕಥೋಲಿಕ ಕುಟುಂಬಗಳು ಬೆರಳೆಣಿಕೆಯಷ್ಟು. ಆದ್ದರಿಂದ ನಮ್ಮ ಹಬ್ಬದ ತಟ್ಟೆ ನಮ್ಮವರೊಳಗೇ ಸುತ್ತಾಡಿ ಮುಗಿಯುವುದಿಲ್ಲ. ಯುಗಾದಿಗೆ ಹೋಳಿಗೆ ಕೊಟ್ಟ ಮನೆಗೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟ ಮನೆಗೆ, ರಂಜಾನಿಗೆ ಸುರ್‌ಕುಂಬಾ ಕಳುಹಿಸಿದ ಮನೆಗೆ ಅದು ಹೋಗಲೇಬೇಕು. ಹೋದ ತಟ್ಟೆ ಬರಿದಾಗಿ ಹಿಂದಿರುಗಬಾರದೆಂಬ ಈ ನೆಲದ ರೂಢಿಯಂತೆ ಅಲ್ಲಿಂದಲೂ ಏನಾದರೊಂದು ಬರುತ್ತದೆ. ಹೀಗೆ ನಾವು ಮಾಡಿದ್ದು, ನಮಗೆ ಬಂದದ್ದು, ಬೇಕರಿಯಿಂದ ತಂದದ್ದು ಎಲ್ಲವೂ ಕೂಡಿ ಜನವರಿಯ ಮೊದಲ ವಾರದಲ್ಲಿ ಒಂದು ರಾಶಿಯಾಗುತ್ತದೆ.

ಈ ರಾಶಿಗೆ ಸಾಮಾನ್ಯವಾಗಿ ಮೂರು ಗತಿಗಳು. ಮೊದಲನೆಯದು, ಮರೆತು ಬಿಡುವುದು. ಫೆಬ್ರವರಿಯಲ್ಲಿ ಡಬ್ಬಿ ತೆರೆದಾಗ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ, ಎಲ್ಲವೂ ತಿಪ್ಪೆಗೆ ಸೇರುತ್ತದೆ. ಎರಡನೆಯದು, ಮನೆಯ ತಾಯಂದಿರು ಚೆಲ್ಲಲು ಮನಸ್ಸಾಗದೆ ಪ್ರತಿದಿನ ಚಹಾದೊಂದಿಗೆ ತಾವೇ ತಿಂದು ಮುಗಿಸುವುದು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿರುವವರೂ ಅನ್ನ ಹಾಳು ಮಾಡಬಾರದೆಂಬ ಭಯದಿಂದ ತಮ್ಮ ದೇಹವನ್ನೇ ಹಾಳುಮಾಡಿಕೊಳ್ಳುವುದನ್ನು ನಾವು ಕಂಡಿದ್ದೇವೆ. ದೇಹವೂ ದೇವರ ವರವೇ ಆಗಿರುವಾಗ ಇದನ್ನು ಪುಣ್ಯವೆನ್ನಲಾಗದು. ಮೂರನೆಯ ಗತಿಯ ಬಗ್ಗೆ ಬರೆಯಲು ನಮಗೆ ಸಂಕೋಚವಾಗುತ್ತದೆ, ಆದರೂ ಬರೆಯಬೇಕಾಗಿದೆ. ಇನ್ನು ನಾವು ತಿನ್ನಲಾರೆವೆಂದು ಖಚಿತವಾದ ಮೇಲೆ ಪಾತ್ರೆ ತೊಳೆಯಲು ಬರುವವರಿಗೆ, ಗುಡಿಸುವವರಿಗೆ, ಬಾಗಿಲಲ್ಲಿ ನಿಂತವರಿಗೆ ಅದನ್ನು ಕಟ್ಟಿಕೊಡುವುದು.

ಈ ತಪ್ಪು ನಮ್ಮ ಮನೆಯಲ್ಲೂ ನಡೆದಿದೆ. ಕೆಲವು ವರ್ಷಗಳ ಹಿಂದೆ ಜನವರಿಯ ಕೊನೆಯಲ್ಲಿ ಒಂದು ಡಬ್ಬಿ ಕರ್ಜಿಕಾಯಿಯನ್ನು ಕಾಗದದಲ್ಲಿ ಸುತ್ತಿ, ಮನೆಗೆಲಸಕ್ಕೆ ಬರುತ್ತಿದ್ದ ತಾಯಿಯ ಕೈಗಿತ್ತು ನಾವು ಸಮಾಧಾನಪಟ್ಟುಕೊಂಡಿದ್ದೆವು. ಮರುದಿನ ಆಕೆ ತಲೆ ತಗ್ಗಿಸಿ, ‘ತಪ್ಪು ತಿಳಕೋಬ್ಯಾಡ್ರಿ ಅಮ್ಮಾರ, ಹುಡುಗ್ರು ತಿನ್ನಲಿಲ್ರಿ, ವಾಸನಿ ಬರಾಕತ್ತಿತ್ರಿ’ ಎಂದರು. ಆಕೆಯ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಕೊಟ್ಟ ವಸ್ತು ಹಾಳಾಯಿತಲ್ಲ ಎಂಬ ಸಂಕೋಚ ಮಾತ್ರ ಇತ್ತು. ನಾಚಬೇಕಾದವರು ನಾವು, ನಾಚಿದವರು ಆಕೆ. ಡಿಸೆಂಬರ್ ಇಪ್ಪತ್ತೈದರಂದು ಅದೇ ಕರ್ಜಿಕಾಯಿ ಗರಿಗರಿಯಾಗಿದ್ದಾಗ ಆಕೆಯ ಮಕ್ಕಳ ನೆನಪು ನಮಗೇಕೆ ಬರಲಿಲ್ಲ? ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಪವಿತ್ರ ಗ್ರಂಥದಲ್ಲಿ ಬೆತ್ಲೆಹೇಮಿನ ಕಥೆ ಯೇಸುಸ್ವಾಮಿಯ ಜನನದಿಂದಲೇ ಆರಂಭವಾಗುವುದಿಲ್ಲ. ರೂತಳ ಗ್ರಂಥವನ್ನು ನೆನೆಯೋಣ. ಬೆತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥ. ಅಂಥ ರೊಟ್ಟಿಯ ಮನೆಯಲ್ಲೇ ಬರ ಬಿದ್ದು ನವೊಮಿಯ ಕುಟುಂಬ ಪರದೇಶವಾದ ಮೋವಾಬಿಗೆ ಹೊರಟುಹೋಯಿತು. ನಮ್ಮ ಭಾಗದ ಮಾತಿನಲ್ಲಿ ಹೇಳುವುದಾದರೆ ಅವರು ಗುಳೆ ಹೋದರು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನವೊಮಿ ಸೊಸೆ ರೂತಳೊಂದಿಗೆ ಮರಳಿ ಬಂದಾಗ ಅಲ್ಲಿ ಜವೆಗೋಧಿಯ ಕೊಯ್ಲು ಮೊದಲಾಗಿತ್ತು. ಪರದೇಶಿಯೂ ವಿಧವೆಯೂ ಆದ ರೂತಳು ಬೋವಜನೆಂಬವನ ಹೊಲದಲ್ಲಿ ಹಕ್ಕಲಾಯಲು ಹೋದಳು. ಊಟದ ಹೊತ್ತಿಗೆ ಬೋವಜನು ಅವಳನ್ನು ಕೆಲಸಗಾರರ ಸಾಲಿಗೇ ಕರೆದು ಕೂಡಿಸಿದನು, ಹುರಿದ ಕಾಳನ್ನು ತನ್ನ ಕೈಯಾರೆ ಕೊಟ್ಟನು. ಅವಳು ಹೊಟ್ಟೆತುಂಬ ಉಂಡು, ಉಳಿದದ್ದನ್ನು ಜೋಪಾನವಾಗಿ ಕಟ್ಟಿಕೊಂಡು ಹೋಗಿ ಅತ್ತೆಗೆ ಕೊಟ್ಟಳು. ಈ ರೂತಳೇ ದಾವೀದ ಅರಸನಿಗೆ ಮುತ್ತಜ್ಜಿ, ಆ ವಂಶದಲ್ಲೇ ಪ್ರಭು ಕ್ರಿಸ್ತರ ಜನನ.

ಈ ಚಿಕ್ಕ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಬೋವಜನು ಕೊಟ್ಟದ್ದು ಉಳಿದದ್ದನ್ನಲ್ಲ. ಎಲ್ಲರೂ ಉಣ್ಣುತ್ತಿದ್ದ ಹೊತ್ತಿನಲ್ಲಿ, ಎಲ್ಲರೂ ಉಣ್ಣುತ್ತಿದ್ದ ಆಹಾರವನ್ನೇ ಕೊಟ್ಟನು. ಉಳಿದದ್ದನ್ನು ಜೋಪಾನ ಮಾಡಿದವಳು ರೂತಳು. ಅದನ್ನು ಅವಳು ತನ್ನ ಮನೆಗೆ, ತನ್ನವರಿಗೆ ಒಯ್ದಳು. ಪರರಿಗೆ ತಾಜಾ, ಮನೆಗೆ ಉಳಿದದ್ದು. ಹಬ್ಬದ ತಿಂಡಿಯ ವಿಷಯದಲ್ಲಿ ನಾವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಐದು ಜವೆಗೋಧಿ ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರನ್ನು ಉಣಿಸಿದ ಮೇಲೆ ಪ್ರಭುಗಳು ಚೂರುಗಳನ್ನು ವ್ಯರ್ಥವಾಗಲು ಬಿಡಬಾರದೆಂದು ಶಿಷ್ಯರಿಗೆ ಆಜ್ಞಾಪಿಸಿದ ಸಂಗತಿಯನ್ನು ಸಂತ ಯೊವಾನ್ನರು ಬರೆದಿದ್ದಾರೆ. ಹನ್ನೆರಡು ಬುಟ್ಟಿಗಳು ತುಂಬಿದವು. ರೊಟ್ಟಿಯನ್ನು ಬೇಕಾದಷ್ಟು ಹೆಚ್ಚಿಸಬಲ್ಲವರಿಗೆ ಚೂರುಗಳ ಹಂಗೇನಿತ್ತು? ಆದರೂ ಅವರು ಅವನ್ನು ಕೂಡಿಸಿದರು. ಇದಕ್ಕೆ ಪೂರಕವಾಗಿ ವಿಮೋಚನಾಕಾಂಡದ ಮನ್ನದ ಕಥೆಯನ್ನೂ ಓದಬೇಕು. ನಾಳೆಗಿರಲೆಂದು ಆಸೆಯಿಂದ ಕೂಡಿಟ್ಟ ಮನ್ನದಲ್ಲಿ ಹುಳು ಬಿತ್ತು. ಚೂರನ್ನೂ ಚೆಲ್ಲಬಾರದು, ಅತಿಯಾಗಿ ಕೂಡಿಡಲೂಬಾರದು. ಈ ಎರಡರ ನಡುವಿನ ದಾರಿಯೇ ಗೃಹಿಣಿಯ ವಿವೇಕ.

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ, ಆಹಾರವನ್ನು ಬಿಸಾಡುವುದು ಬಡವರ ಊಟದ ಮೇಜಿನಿಂದ ಕದ್ದಂತೆ ಎಂಬ ಎಚ್ಚರಿಕೆಯನ್ನು ನೀಡಿದ್ದರು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳಿಂದಲೇ ಹೊರಬಿದ್ದದ್ದು. ಹೋಟೆಲುಗಳನ್ನೂ ಮದುವೆ ಮಂಟಪಗಳನ್ನೂ ದೂರುವ ಮುನ್ನ ನಮ್ಮ ಅಡುಗೆಮನೆಯತ್ತ ತಿರುಗಿ ನೋಡಬೇಕೆಂದು ಈ ಅಂಕಿ ಹೇಳುತ್ತದೆ.

ನಮ್ಮ ನೆಲಕ್ಕಂತೂ ಅನ್ನದ ಬೆಲೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ, ಜನ ಧಾತು ಈಶ್ವರ ಬರವೆಂದು ನೆನಪಿಟ್ಟುಕೊಂಡ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿಯೂ ಒಂದು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಗಳು ಆಗ ಅದರ ಭಾಗವಾಗಿದ್ದವು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕೆಂದು ಸರಕಾರ ಗೊತ್ತುಮಾಡಿದ್ದ ಕಾಲವದು. ಒಂದು ಪೌಂಡು ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಇಂದು ನಮ್ಮ ಒಂದು ಡಬ್ಬಿಯಲ್ಲಿ ಉಳಿದಿರುವ ತಿಂಡಿಯ ತೂಕ ಅದಕ್ಕಿಂತ ಹೆಚ್ಚಿರಬಹುದು. ಆ ಬಗೆಯ ಕ್ಷಾಮ ಈಗಿಲ್ಲ, ದೇವರಿಗೆ ಸ್ತೋತ್ರ. ಆದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಗ್ಗಿ ಮುಗಿಯುತ್ತಲೇ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಕಬ್ಬಿನ ಸೀಮೆಗೋ ದುಡಿಯಲು ಹೋಗುವ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇವೆ.

ಈ ಬಡತನದ ನಡುವೆಯೇ ಇಲ್ಲಿನ ಹೆಣ್ಣುಮಕ್ಕಳು ಉಳಿದದ್ದನ್ನು ಉಳಿಸುವ ಒಂದು ದೊಡ್ಡ ವಿದ್ಯೆಯನ್ನು ಕಟ್ಟಿದ್ದಾರೆ. ಜೋಳದ ರೊಟ್ಟಿಯನ್ನು ಒಣಗಿಸಿ ಕಟಕ ರೊಟ್ಟಿ ಮಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತಂಗಳ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕಿದರೆ ಅದೇ ಮುಂಜಾನೆಯ ನಾಷ್ಟಾ. ಅಜ್ಜಿಯಂದಿರಿಗೆ ಜೋಳದ ರೊಟ್ಟಿಯಲ್ಲಿ ಸಿದ್ಧಿಸಿದ್ದ ಈ ಜಾಣ್ಮೆಯನ್ನು ನಾವು ಕ್ರಿಸ್ಮಸ್ ತಿಂಡಿಗೂ ವಿಸ್ತರಿಸಬೇಕಷ್ಟೆ. ಆ ದೃಷ್ಟಿಯಿಂದ ನಮ್ಮ ಮನೆಗಳಲ್ಲಿ ಮಾಡಿ ನೋಡಿದ ಕೆಲವು ಕ್ರಮಗಳನ್ನು ಸಹೋದರಿಯರ ಮುಂದಿಡುತ್ತೇವೆ.

ಮೊದಲು ಒಂದು ಮಧ್ಯಾಹ್ನ ಎಲ್ಲ ಡಬ್ಬಿಗಳನ್ನೂ ಇಳಿಸಿ ವಿಂಗಡಿಸಬೇಕು. ಹಸಿ ಕಾಯಿತುರಿ ಸೇರಿದ ತಿಂಡಿ ಎಲ್ಲಕ್ಕಿಂತ ಬೇಗ ಕೆಡುತ್ತದೆ. ಒಣಕೊಬ್ಬರಿ, ಶೇಂಗಾ, ಎಳ್ಳು ಸೇರಿದ್ದು ಅದರ ನಂತರ. ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಿಡ್ಯೊ, ಶಂಕರಪೋಳಿಗಳು ಹೆಚ್ಚು ದಿನ ಬಾಳುತ್ತವೆ. ಕರಿದ ತಿಂಡಿಯನ್ನು ಕೆಡಿಸುವ ಶತ್ರುಗಳು ಮೂರು. ಗಾಳಿ, ಬೆಳಕು, ತೇವ. ಗಾಳಿ ಮತ್ತು ಬೆಳಕಿನಿಂದ ಎಣ್ಣೆ ಕಮಟಾಗುತ್ತದೆ, ತೇವದಿಂದ ತಿಂಡಿ ಮೆತ್ತಗಾಗುತ್ತದೆ. ಮೆತ್ತಗಾಗುವುದೂ ಕಮಟಾಗುವುದೂ ಒಂದೇ ಅಲ್ಲವೆಂಬುದನ್ನು ಮುಖ್ಯವಾಗಿ ತಿಳಿದಿರಬೇಕು. ಮೆತ್ತಗಾದದ್ದನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎಣ್ಣೆಯಿಲ್ಲದೆ ಐದಾರು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಮತ್ತೆ ಗರಿಗರಿಯಾಗುತ್ತದೆ. ಕಮಟಾದದ್ದನ್ನು ಸರಿಪಡಿಸುವ ಉಪಾಯವಿಲ್ಲ. ಇನ್ನು ಕೇಕಿನ ಮೇಲೆ ಬೂಷ್ಟಿನ ಒಂದು ಚುಕ್ಕೆ ಕಂಡರೂ ಆ ತುಂಡನ್ನು ಮಾತ್ರ ಕತ್ತರಿಸಿ ತೆಗೆದರೆ ಸಾಲದು. ಕಣ್ಣಿಗೆ ಕಾಣದಂತೆ ಅದು ಒಳಗೂ ಹರಡಿರುತ್ತದೆ, ಪೂರ್ತಿ ಬಿಡಬೇಕು.

ಹೀಗೆ ಆರಿಸಿದ ಮೇಲೆ ಚೆನ್ನಾಗಿರುವ ಸಿಹಿ ತಿಂಡಿಗಳನ್ನು ಪುಡಿಮಾಡಿಕೊಳ್ಳಬಹುದು. ಶಂಕರಪೋಳಿ, ಕಿಡ್ಯೊ, ಬಿಸ್ಕತ್ತುಗಳ ಪುಡಿ ಎರಡು ಬಟ್ಟಲು, ಹುರಿದು ಸಿಪ್ಪೆ ತೆಗೆದ ಶೇಂಗಾದ ಪುಡಿ ಒಂದು ಬಟ್ಟಲು, ಕರಗಿಸಿ ಸೋಸಿದ ಬೆಲ್ಲ ಅರ್ಧ ಬಟ್ಟಲಿಗೆ ಕಡಿಮೆ, ಒಂದೆರಡು ಚಮಚ ತುಪ್ಪ, ಸ್ವಲ್ಪ ಏಲಕ್ಕಿ. ಬಿಸಿ ಇರುವಾಗಲೇ ಕಲಸಿ ಉಂಡೆ ಕಟ್ಟಬೇಕು. ತಿಂಡಿಯಲ್ಲಿ ಮೊದಲೇ ಸಕ್ಕರೆ ಇರುವುದರಿಂದ ಬೆಲ್ಲ ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಉಂಡೆ ನಿಲ್ಲದಿದ್ದರೆ ಬಿಸಿ ಹಾಲು ಚಿಮುಕಿಸಬಹುದು, ಆಗ ಅದನ್ನು ಎರಡು ದಿನದೊಳಗೆ ಮುಗಿಸಬೇಕು. ಶೇಂಗಾ ಹೋಳಿಗೆಯ ಹೂರಣಕ್ಕೂ ಈ ಪುಡಿ ಹೊಂದುತ್ತದೆ. ಎರಡು ಪಾಲು ಶೇಂಗಾ ಪುಡಿಗೆ ಒಂದು ಪಾಲು ತಿಂಡಿಯ ಪುಡಿ ಸೇರಿಸಿ, ಬೆಲ್ಲವನ್ನು ಅಷ್ಟು ಕಡಿಮೆ ಮಾಡಿದರಾಯಿತು. ಶೇಂಗಾ ನಮ್ಮ ಹೊಲದ ಬೆಳೆ, ಹೋಳಿಗೆ ನಮ್ಮ ನೆಲದ ಹಬ್ಬ. ಕ್ರಿಸ್ಮಸ್ಸಿನ ತಿಂಡಿ ಸಂಕ್ರಾಂತಿಯ ವೇಳೆಗೆ ಹೋಳಿಗೆಯಾಗಿ ಮರುಹುಟ್ಟು ಪಡೆದರೆ ಅದಕ್ಕಿಂತ ಸೊಗಸೇನು?

ಕರ್ಜಿಕಾಯಿ ಒಡೆದು ಚೂರಾಗಿದ್ದರೆ ಒಳಗಿನ ಕೊಬ್ಬರಿಯ ವಾಸನೆ ನೋಡಿ, ಸರಿಯಿದ್ದರೆ ಹೂರಣಸಹಿತ ಪುಡಿಮಾಡಿ ಸಮಪಾಲು ಗೋಧಿಹಿಟ್ಟು, ಚಿಟಿಕೆ ಉಪ್ಪು, ಬೇಕಾದಷ್ಟು ಹಾಲು ಹಾಕಿ ನಾದಿ ದಪ್ಪ ಚಪಾತಿಗಳಾಗಿ ಕಾವಲಿಯ ಮೇಲೆ ಬೇಯಿಸಬಹುದು. ಮಕ್ಕಳ ಶಾಲೆಯ ಬುತ್ತಿಗೆ ಇದು ಒಳ್ಳೆಯದು. ಪಾಯಸ ಮಾಡುವುದು ಇನ್ನೂ ಸುಲಭ. ಅರ್ಧ ಲೀಟರ್ ಹಾಲು ಕುದಿಯುವಾಗ, ತುಪ್ಪದಲ್ಲಿ ಸ್ವಲ್ಪ ಬಾಡಿಸಿದ ತಿಂಡಿಯ ಪುಡಿಯನ್ನು ನಾಲ್ಕೈದು ಚಮಚ ಹಾಕಿ ಕೈಯಾಡಿಸಿದರೆ ಮಂದವಾಗುತ್ತದೆ. ಬೇರೆ ಸಕ್ಕರೆಯ ಅಗತ್ಯವಿರದು. ಗುಲಾಬಿ ಹೂವಿನ ಅಚ್ಚಿನ ತಿಂಡಿಗಳು ಬಹಳ ತೆಳುವಾದ್ದರಿಂದ ಎಲ್ಲಕ್ಕಿಂತ ಮೊದಲು ಪುಡಿಯಾಗುತ್ತವೆ. ಹೆಚ್ಚಿದ ಬಾಳೆಹಣ್ಣು, ಪಪ್ಪಾಯಿಗಳ ಮೇಲೆ ಅದನ್ನು ಉದುರಿಸಿ ಕೂಡಲೇ ಬಡಿಸಿದರೆ ಮಕ್ಕಳು ಕೇಳಿ ತಿನ್ನುತ್ತಾರೆ.

ಒಣಗಿದ ಕೇಕನ್ನು ಯಾರೂ ಮುಟ್ಟುವುದಿಲ್ಲವೆಂಬ ದೂರು ಸಾಮಾನ್ಯ. ಅದನ್ನು ಚೂರುಮಾಡಿ, ಎರಡು ಬಟ್ಟಲು ಚೂರಿಗೆ ಎರಡು ಬಟ್ಟಲು ಹಾಲು, ಎರಡು ಮೊಟ್ಟೆ ಸೇರಿಸಿ ಕಲಸಿ, ತುಪ್ಪ ಸವರಿದ ಪಾತ್ರೆಯಲ್ಲಿ ಹಾಕಿ ಮುಚ್ಚಿ, ಇಡ್ಲಿ ಬೇಯಿಸುವಂತೆ ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿದರೆ ಒಳ್ಳೆಯ ಪುಡ್ಡಿಂಗ್ ಆಗುತ್ತದೆ. ಹಲ್ಲಿಲ್ಲದ ಅಜ್ಜ ಅಜ್ಜಿಯರೂ ಇದನ್ನು ತಿನ್ನಬಲ್ಲರು.

ಖಾರದ ತಿಂಡಿಗಳ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಉಪದೇಶವೇ ಬೇಡ. ಒಗ್ಗರಣೆ ಹಾಕಿದ ಮಂಡಕ್ಕಿಗೆ ಚಕ್ಕುಲಿ, ಕೋಡುಬಳೆಗಳ ಚೂರು, ಈರುಳ್ಳಿ, ಕೊತ್ತಂಬರಿ, ನಿಂಬೆರಸ ಬಿದ್ದರೆ ಸಂಜೆಯ ತಿಂಡಿ ಮುಗಿಯಿತು. ಕೋಡುಬಳೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕ್ಷಣಕಾಲ ಅದ್ದಿ, ಒಗ್ಗರಣೆಯ ಮೊಸರಿನಲ್ಲಿ ಬಿಟ್ಟರೆ ಮೊಸರುವಡೆಯನ್ನು ಹೋಲುತ್ತದೆ. ಚಕ್ಕುಲಿಯ ಪುಡಿ ನೀರಾದ ಪಲ್ಯವನ್ನೂ ಗೊಜ್ಜನ್ನೂ ಗಟ್ಟಿಮಾಡುತ್ತದೆ. ಆಲೂಗಡ್ಡೆ ಕಟ್ಲೆಟ್ಟಿನ ಮೇಲೆ ಹೊರಳಿಸಲು ರಸ್ಕಿನ ಪುಡಿಯ ಬದಲಿಗೂ ಬರುತ್ತದೆ. ಇಲ್ಲೆಲ್ಲ ಉಪ್ಪು ಹಾಕುವಾಗ ಕೈ ಹಿಡಿತವಿರಲಿ.

ಕರಿದು ಉಳಿದ ಎಣ್ಣೆಯ ಬಗ್ಗೆಯೂ ಒಂದು ಮಾತು. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಉಂಟಾಗುವ ಹಾನಿಕರ ಅಂಶಗಳು ನೂರಕ್ಕೆ ಇಪ್ಪತ್ತೈದನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮವನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈ 1ರಿಂದ ಜಾರಿಗೆ ತಂದಿತು. ಮನೆಯಲ್ಲಿ ಅಳೆಯುವ ಸಾಧನ ನಮ್ಮಲ್ಲಿರದು, ಆದರೆ ಕಣ್ಣಿದೆ, ಮೂಗಿದೆ. ಕಪ್ಪಾಗಿ, ಮಂದವಾಗಿ, ಕಾಯಿಸಿದೊಡನೆ ನೊರೆಯೂ ಹೊಗೆಯೂ ಏಳುವ ಎಣ್ಣೆಯನ್ನು ಉಳಿತಾಯದ ಹೆಸರಿನಲ್ಲಿ ಮತ್ತೆ ಒಲೆಗೇರಿಸಬಾರದು. ಮಿತವ್ಯಯ ಬೇರೆ, ಕಾಯಿಲೆಯನ್ನು ಕೊಳ್ಳುವುದು ಬೇರೆ.

ಇನ್ನು ಮನುಷ್ಯರು ತಿನ್ನಲಾಗದ ತಿಂಡಿಯ ಮಾತು. ಗೋದಲಿಯ ಪದ್ಧತಿಗೆ 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಜೀವ ತುಂಬಿದ ಅಸ್ಸಿಸಿಯ ಸಂತ ಫ್ರಾನ್ಸಿಸರು, ಕ್ರಿಸ್ಮಸ್ ದಿನ ಬಡವರಿಗೆ ಉಳ್ಳವರು ಹೊಟ್ಟೆತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೂ ಹೆಚ್ಚು ಮೇವು ಸಿಗಬೇಕು, ಹಕ್ಕಿಗಳಿಗೂ ದಾರಿಯಲ್ಲಿ ಕಾಳು ಚೆಲ್ಲಬೇಕು ಎಂದು ಬಯಸಿದ್ದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಮ್ಮ ರೈತನಿಗೆ ಈ ಭಾವ ಅಪರಿಚಿತವಲ್ಲ. ಆದರೆ ಸಂತರು ಹೇಳಿದ್ದು ಒಳ್ಳೆಯ ಕಾಳನ್ನು, ಕೆಟ್ಟ ತಿಂಡಿಯನ್ನಲ್ಲ. ಬೂಷ್ಟು ಬಂದದ್ದು ದನಕ್ಕೂ ವಿಷವೇ. ಚೆನ್ನಾಗಿರುವ ಸಿಹಿಯನ್ನೂ ರಾಶಿಯಾಗಿ ಹಾಕಿದರೆ ಆಕಳ ಹೊಟ್ಟೆ ಹುಳಿಯೇರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಒಣದ್ರಾಕ್ಷಿ, ಚಾಕೊಲೇಟು ಇರುವ ಕೇಕು ನಾಯಿಗಳಿಗೆ ಅಪಾಯಕಾರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆಸೆದರೆ ಬಿಡಾಡಿ ದನಗಳು ಚೀಲಸಹಿತ ನುಂಗುತ್ತವೆ. ಆದಕಾರಣ ಕೆಟ್ಟದ್ದನ್ನು ತಿಪ್ಪೆಗುಂಡಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ ಮಣ್ಣು ಮುಚ್ಚುವುದೇ ಸರಿಯಾದ ದಾರಿ. ಅದು ಗೊಬ್ಬರವಾಗಿ ಹಿತ್ತಲ ಮಲ್ಲಿಗೆಗೋ ಕರಿಬೇವಿಗೋ ಆದೀತು.

ಇಷ್ಟೆಲ್ಲ ಹೇಳಿದ ಮೇಲೂ ಮೂಲ ಪ್ರಶ್ನೆ ಉಳಿಯುತ್ತದೆ. ಉಳಿದದ್ದನ್ನು ಜಾಣ್ಮೆಯಿಂದ ಬಳಸುವುದು ಪಾಠದ ಅರ್ಧ ಭಾಗ ಮಾತ್ರ. ಮೊದಲ ಅರ್ಧವಾದ ತಾಜಾ ಪಾಲನ್ನು ಪರರಿಗೆ ಮುಟ್ಟಿಸುವ ಕಾರ್ಯ ಈ ಹಬ್ಬಕ್ಕೆ ಕೈತಪ್ಪಿತು. ಮುಂದಿನ ಹಬ್ಬಕ್ಕೆ ತಪ್ಪದಂತೆ ಈಗಲೇ ಗೊತ್ತುಮಾಡಿಕೊಳ್ಳೋಣ. ಒಂದನೆಯದಾಗಿ, ಯಾವ ತಿಂಡಿ ಎಷ್ಟು ಮಾಡಿದೆವು, ಎಷ್ಟು ಉಳಿಯಿತು ಎಂಬುದನ್ನು ಈ ವಾರವೇ ಲೆಕ್ಕದ ಪುಸ್ತಕದ ಮೂಲೆಯಲ್ಲಿ ಬರೆದಿಡೋಣ. ಹನ್ನೊಂದು ತಿಂಗಳ ನಂತರ ನೆನಪು ಮೋಸಮಾಡುತ್ತದೆ, ಬರಹ ಮಾಡುವುದಿಲ್ಲ. ಎರಡನೆಯದಾಗಿ, ಆಗಮನ ಕಾಲದಲ್ಲಿ ಹಿಟ್ಟು ಕಲಸುವ ದಿನವೇ, ಕರಿದ ಮೊದಲ ಬಾಣಲೆಯ ತಿಂಡಿಯಿಂದ ಒಂದು ಡಬ್ಬಿಯನ್ನು ಬೇರೆ ಮಾಡಿ ಅದಕ್ಕೊಂದು ಹೆಸರು ಅಂಟಿಸೋಣ. ಮನೆಗೆಲಸದ ತಾಯಿ, ಹಾಲಿನವರು, ಕಸ ಒಯ್ಯುವವರು, ಗುಳೆ ಹೋದ ಮಕ್ಕಳ ಹಾದಿ ಕಾಯುತ್ತಾ ಕುಳಿತ ಪಕ್ಕದ ಬೀದಿಯ ಅಜ್ಜಿ, ಯಾರಾದರೂ ಸರಿ. ಹಬ್ಬದ ಹಿಂದಿನ ದಿನ ಅದು ಅವರ ಮನೆ ಸೇರಬೇಕು, ನಮ್ಮ ಮಕ್ಕಳೇ ಒಯ್ದು ಕೊಡಬೇಕು. ಮೂರನೆಯದಾಗಿ, ಪ್ರತಿ ಮನೆಯಲ್ಲೂ ಹತ್ತು ಬಗೆ ಮಾಡುವ ಬದಲು ನೆರೆಯ ನಾಲ್ಕು ಮನೆಗಳು ಸೇರಿ ಒಬ್ಬೊಬ್ಬರು ಎರಡೆರಡು ಬಗೆ ಮಾಡಿ ಹಂಚಿಕೊಂಡರೆ ಶ್ರಮವೂ ಕಡಿಮೆ, ಉಳಿಯುವುದೂ ಕಡಿಮೆ. ಧರ್ಮಕೇಂದ್ರದ ಸ್ತ್ರೀ ಸಂಘಗಳು, ಸಂತ ವಿನ್ಸೆಂಟ್ ದೆ ಪೌಲರ ಸಭೆ ಇರುವಲ್ಲಿ ಅದರ ಸದಸ್ಯರು ಇದನ್ನು ವಹಿಸಿಕೊಂಡರೆ ಅಸಾಧ್ಯವೇನಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಉಳಿದ ತಿಂಡಿ ಚೆನ್ನಾಗಿಯೇ ಇದ್ದರೆ ಅದನ್ನು ಬಡವರಿಗೆ ಕೊಡುವುದು ತಪ್ಪೇ? ಖಂಡಿತ ತಪ್ಪಲ್ಲ. ಹಸಿದವನಿಗೆ ಜನವರಿಯ ಉಂಡೆಯೂ ಉಂಡೆಯೇ. ಆದರೆ ಅದಕ್ಕೊಂದು ಸರಳ ಅಳತೆಗೋಲಿದೆ. ಆ ತಿಂಡಿಯನ್ನು ಇಂದು ಮನೆಗೆ ಬಂದ ಗುರುಗಳ ಮುಂದೆ ತಟ್ಟೆಯಲ್ಲಿಡಲು ನಾವು ಹಿಂಜರಿಯುವುದಿಲ್ಲವೇ? ಹಾಗಾದರೆ ಧಾರಾಳವಾಗಿ ಕೊಡಬಹುದು. ಹಿಂಜರಿಯುವೆವಾದರೆ ಅದು ದಾನವಲ್ಲ, ಡಬ್ಬಿ ಖಾಲಿ ಮಾಡುವ ಉಪಾಯ. ಬಡವರ ರೂಪದಲ್ಲಿ ಬಾಗಿಲಿಗೆ ಬರುವವರು ಸ್ವತಃ ಕ್ರಿಸ್ತರೇ ಎಂದು ನಂಬುವ ನಮಗೆ ಎರಡು ಬಗೆಯ ತಟ್ಟೆ ಇರಲಾಗದು.

ಮಕ್ಕಳನ್ನು ಈ ಕೆಲಸದಲ್ಲಿ ತೊಡಗಿಸುವುದನ್ನು ಮರೆಯಬಾರದು. ತಿಂಡಿ ಮಾಡುವಾಗ ಅವರು ಒಲೆಯ ಸುತ್ತ ಕುಣಿಯುತ್ತಾರೆ. ಉಳಿದದ್ದನ್ನು ವಿಂಗಡಿಸುವಾಗಲೂ, ಪುಡಿಮಾಡಿ ಉಂಡೆ ಕಟ್ಟುವಾಗಲೂ ಅವರು ಪಕ್ಕದಲ್ಲಿರಲಿ. ತಂದೆಯರೂ ಪತ್ರಿಕೆ ಕೆಳಗಿಟ್ಟು ಒಂದು ಗಂಟೆ ಕೂಡಿಕೊಳ್ಳಲಿ. ಅನ್ನವನ್ನು ಗೌರವಿಸುವ ಪಾಠವನ್ನು ಧರ್ಮೋಪದೇಶದ ತರಗತಿಯೊಂದೇ ಕಲಿಸಲಾರದು.

ಪರಮಪ್ರಸಾದದ ಒಂದು ಕಣವೂ ನೆಲಕ್ಕೆ ಬೀಳದಂತೆ ಗುರುಗಳು ಬಲಿಪೀಠದಲ್ಲಿ ತಟ್ಟೆಯನ್ನು ಒರೆಸುವುದನ್ನು ನಾವು ಪ್ರತಿ ಭಾನುವಾರ ನೋಡುತ್ತೇವೆ. ಆ ದಿವ್ಯ ರೊಟ್ಟಿಗೂ ನಮ್ಮ ಡಬ್ಬಿಯ ಚೂರುಗಳಿಗೂ ಹೋಲಿಕೆ ಸಲ್ಲದು, ಒಪ್ಪುತ್ತೇವೆ. ಆದರೆ ಆ ಎಚ್ಚರವನ್ನು ಕಂಡ ಕಣ್ಣುಗಳು ಮನೆಗೆ ಬಂದು ಅನ್ನದ ಮೇಲೆ ಅಲಕ್ಷ್ಯ ತೋರಿದರೆ ನೋಡಿದ್ದು ವ್ಯರ್ಥವಾದಂತೆ. ರೊಟ್ಟಿಯ ಮನೆಯೆಂಬ ಊರಿನಲ್ಲಿ, ದನಗಳಿಗೆ ಮೇವುಣಿಸುವ ಗೋದಲಿಯಲ್ಲಿ ಮಲಗಿದ ಬಾಲಯೇಸು ನಮ್ಮ ಮನೆಗಳ ಅಡುಗೆಕೋಣೆಯನ್ನೂ ಹರಸಲಿ. ಈ ಸಂಜೆಯೇ ಡಬ್ಬಿಗಳು ಕೆಳಗಿಳಿಯಲಿ. ಓದುಗ ಕುಟುಂಬಗಳೆಲ್ಲಕ್ಕೂ ಮೂರು ರಾಯರ ಹಬ್ಬದ ಹಾಗೂ ಹೊಸ ವರ್ಷದ ಶುಭಾಶಯಗಳು.